ಯಾರಿಗೂ ಏನೂ ಆಗಲಿಲ್ಲವಲ್ಲ

ಮಗಳ ಫೋನ್ ಬಂದಾಗ ನಾನು ದೋಸೆಗೆ ರುಬ್ಬುತ್ತಿದ್ದೆ. "ಅಮ್ಮಾ, ಮೊದಲೇ ಹೇಳ್ತೀನಿ, ಮೂರೂ ಜನ ಚೆನ್ನಾಗಿದ್ದೀವಿ" ಅಂದಳು. ಹೀಗೆ ಶುರುವಾಗುವ ಫೋನ್ ಯಾವ ತಾಯಿಗೂ ಬೇಡ. ಆಮೇಲೆ ನಿಧಾನವಾಗಿ, "ಕಾರು ಪಲ್ಟಿ ಆಯ್ತು" ಅಂದಳು. ಗ್ರೈಂಡರ್ ಹಾಗೇ ತಿರುಗುತ್ತಿತ್ತು. ಅದನ್ನು ಯಾರು ಆರಿಸಿದರೋ ನನಗೆ ನೆನಪಿಲ್ಲ.

ಶಿವಮೊಗ್ಗದಿಂದ ಹೊಸನಗರದ ಕಡೆ ಬಂದು, ದೊಡ್ಡ ರಸ್ತೆ ಬಿಟ್ಟು ನಮ್ಮೂರಿನ ಒಳದಾರಿ ಹಿಡಿದ ಮೇಲೆ ಬಲಕ್ಕೆ ಒಂದು ತಿರುವು ಬರುತ್ತದೆ. ಬಲಗಡೆ ದರೆ, ಎಡಗಡೆ ಕೆಳಗೆ ಅಡಿಕೆ ತೋಟ. ಕಾರು ಓಡಿಸುತ್ತಿದ್ದವಳು ಮಗಳು, ವಯಸ್ಸು 22, ಲೈಸೆನ್ಸ್ ಸಿಕ್ಕಿ ಮೂರು ವರ್ಷ. ಪಕ್ಕದಲ್ಲಿ ನಮ್ಮಣ್ಣನ ಮಗ, ಹಿಂದೆ ಅವಳ ಗೆಳತಿ. ಜಿಟಿಜಿಟಿ ಮಳೆ. ತಿರುವಿನಲ್ಲಿ ಕಾರು ಯಾರೋ ಎಳೆದ ಹಾಗೆ ಎಡಕ್ಕೆ ಜಾರಿ, ಎಡಗಡೆಯ ಎರಡೂ ಚಕ್ರ ಡಾಂಬರಿನಿಂದ ಮಣ್ಣಿಗೆ ಇಳಿದವು. ತೋಟಕ್ಕೇ ಬೀಳ್ತೀವಿ ಅಂತ ಹೆದರಿ ಅವಳು ಸ್ಟೀರಿಂಗನ್ನು ಬಲಕ್ಕೆ ಎಳೆದಳು. ಚಕ್ರ ಡಾಂಬರಿನ ಅಂಚಿಗೆ ಉಜ್ಜಿಕೊಂಡೇ ಸ್ವಲ್ಪ ದೂರ ಹೋಗಿ, ಒಮ್ಮೆಗೇ ಮೇಲೆ ಹತ್ತಿ, ಕಾರು ಬಾಣದ ಹಾಗೆ ಅಡ್ಡಕ್ಕೆ ನುಗ್ಗಿತು. ದರೆ ಏರಿ ಮಗುಚಿಬಿತ್ತು.

ಚಕ್ರ ಮೇಲೆ, ಮಾಡು ಕೆಳಗೆ. ಮೂವರೂ ಬಾವಲಿಗಳ ಹಾಗೆ ಬೆಲ್ಟಿನಲ್ಲಿ ನೇತಾಡುತ್ತಿದ್ದರಂತೆ. ಅಣ್ಣನ ಮಗ ಗಾಬರಿಯಲ್ಲಿ ಬೆಲ್ಟ್ ಬಿಚ್ಚಿ ಭುಜದ ಮೇಲೆ ಬಿದ್ದ. ಪೆಟ್ಟಾದದ್ದು ಪಲ್ಟಿಯಲ್ಲಲ್ಲ, ಅದು ಮುಗಿದ ಮೇಲೆ. ಅಷ್ಟರಲ್ಲಿ ತಿರುವಿನಾಚೆಯ ಗೂಡಂಗಡಿಯ ಯಜಮಾನರು ಓಡಿ ಬಂದಿದ್ದರು. ಮೊದಲು ಇಂಜಿನ್ ಆಫ್ ಮಾಡಿಸಿದರು. "ಒಂದು ಕೈ ಮಾಡಿಗೆ ಗಟ್ಟಿ ಊರ್ಕಳಿ, ಇನ್ನೊಂದು ಕೈಲಿ ಬೆಲ್ಟ್ ಬಿಚ್ಚಿ, ಅವಸರ ಮಾಡ್ಬೇಡಿ" ಅಂತ ಹುಡುಗಿಯರಿಬ್ಬರನ್ನೂ ಕಿಟಕಿಯಿಂದ ಹೊರಗೆ ತೆಗೆದರು. ಬೆಲ್ಟ್ ಕೊಯ್ಯಲು ಬೇಕಾದೀತು ಅಂತ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡೇ ಬಂದಿದ್ದರು. ಇಷ್ಟೆಲ್ಲ ತಯಾರಿ ಒಬ್ಬ ಗೂಡಂಗಡಿಯವರಿಗೆ ಯಾಕೆ ಗೊತ್ತು ಅಂತ ಆವತ್ತು ನನಗೆ ಹೊಳೆಯಲಿಲ್ಲ.

ಹಿಂದಿನ ಸೀಟಿನ ಹುಡುಗಿಯೂ ಬೆಲ್ಟ್ ಹಾಕಿಕೊಂಡಿದ್ದಳು. ಇದು ನನ್ನ ಮಗಳ ಹಟ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತು ತೀರಿಹೋದ ಸುದ್ದಿ ಓದಿದಾಗಿನಿಂದ, ಹಿಂದಿನವರು ಬೆಲ್ಟ್ ಹಾಕದೆ ಇವಳು ಗಾಡಿ ಸ್ಟಾರ್ಟ್ ಮಾಡುವುದಿಲ್ಲ. ಹಿಂದಿನ ಸೀಟಿಗೂ ಬೆಲ್ಟ್ ಕಡ್ಡಾಯ, ಇಲ್ಲದಿದ್ದರೆ 1000 ರೂಪಾಯಿ ದಂಡ ಅಂತ ನನಗೇ ಎಷ್ಟು ಸಲ ಪಾಠ ಮಾಡಿದ್ದಾಳೆ. ನಾನು ಸೀರೆ ಮುದುಡುತ್ತದೆ ಅಂತ ಗೊಣಗಿದವಳು. ಆ ಗೆಳತಿಯ ಅಮ್ಮನಿಗೆ ಫೋನ್ ಮಾಡುವಾಗ ಆ ಗೊಣಗಾಟ ನೆನಪಾಗಿ ಗಂಟಲು ಕಟ್ಟಿತು.

ಹುಬ್ಬಿಗೆ ನಾಲ್ಕು ಹೊಲಿಗೆ, ಊದಿದ ಒಂದು ಭುಜ, ಬೆಲ್ಟ್ ಒತ್ತಿದಲ್ಲಿ ನೀಲಿಗಟ್ಟಿದ ಚರ್ಮ. ಅಷ್ಟೇ. ರಾತ್ರಿಯಿಂದ ನೆಂಟರ ಫೋನ್. ಮೊದಲ ಪ್ರಶ್ನೆ ಎಲ್ಲರದ್ದೂ ಒಂದೇ: "ಹುಡುಗಿ ಓಡಿಸ್ತಿದ್ಲಾ?" ಪಕ್ಕದಲ್ಲಿ ಕೂತಿದ್ದ ಹುಡುಗನೇ ಓಡಿಸಿದ್ದರೆ "ರಸ್ತೆ ಸರಿ ಇಲ್ಲ ಬಿಡಿ" ಅನ್ನುತ್ತಿದ್ದರೋ ಏನೋ. ನಾನೇನು ಕಡಿಮೆಯಲ್ಲ. "ಎಷ್ಟು ಸ್ಪೀಡಲ್ಲಿದ್ದೆ, ನಿಜ ಹೇಳು" ಅಂತ ಐದು ಸಲ ಕೇಳಿದೆ. ಐದು ಸಲವೂ "ಐವತ್ತು" ಅಂದಳು. ಆರನೇ ಸಲ ಕೇಳುವ ಹೊತ್ತಿಗೆ ಅವಳು ಕಾರಿನ ಇನ್ನೊಂದು ಕೀಯನ್ನು ದೇವರ ಗೂಡಿನ ಪಕ್ಕ ಇಟ್ಟು, "ಇನ್ನು ನಾನು ಓಡ್ಸಲ್ಲ" ಅಂದುಬಿಟ್ಟಳು.

ಮೂರನೇ ದಿನ ಅಣ್ಣ ಬಂದ. ಸಿವಿಲ್ ಡಿಪ್ಲೊಮಾ ಮಾಡಿ ರಸ್ತೆ, ಸೇತುವೆ ಕೆಲಸದಲ್ಲೇ ತಲೆ ನರೆಸಿಕೊಂಡವನು. ಸೊಸೆಗೆ ಬೈಯಲೆಂದೇ ಬಂದಿದ್ದ ಅಂತ ಅವನ ಮುಖ ಹೇಳುತ್ತಿತ್ತು. ನಾವಿಬ್ಬರೂ ಆ ಜಾಗಕ್ಕೆ ಹೋದೆವು. ಮಳೆ ಬಿಟ್ಟು ರಸ್ತೆ ಒಣಗಿತ್ತು. ಅವನು ತಿರುವಿನ ನಡುವೆ ಎಡಬದಿಯಲ್ಲಿ ನಿಂತು ಬಾಟಲಿಯ ನೀರನ್ನು ಡಾಂಬರಿನ ಮೇಲೆ ಸುರಿದ. ನೀರು ತೋಟದ ಕಡೆ ಹರಿಯಿತು. ಇನ್ನೊಂದು ಸಲ ಸುರಿದ. ಮತ್ತೆ ತೋಟದ ಕಡೆಗೇ.

"ನೋಡೇ, ಇದು ಉಲ್ಟಾ" ಅಂದ.

ತಿರುವಿನಲ್ಲಿ ಗಾಡಿ ಹೊರಕ್ಕೆ ಎಳೆಯುತ್ತದೆ, ಅದಕ್ಕೇ ಸೈಕಲ್ಲಿನವರು ಒಳಕ್ಕೆ ವಾಲುತ್ತಾರೆ. ಕಾರು ತಾನಾಗಿ ವಾಲಲಾರದು, ಹಾಗಾಗಿ ರಸ್ತೆಯೇ ಒಳಕ್ಕೆ ವಾಲಿರಬೇಕು. ಹೊರಗಿನ ಅಂಚು ಎತ್ತರ, ಒಳಗಿನ ಅಂಚು ತಗ್ಗು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಬಯಲು ಸೀಮೆಯಲ್ಲಿ ನೂರು ಸೆಂಟಿಮೀಟರ್ ಅಗಲಕ್ಕೆ 7 ಸೆಂಟಿಮೀಟರ್‌ವರೆಗೆ, ಗುಡ್ಡಗಾಡಿನಲ್ಲಿ 10ರವರೆಗೆ ಎತ್ತರಿಸಬಹುದು. ಇಲ್ಲಿ ಮಾಡಿದವರು ನೇರ ರಸ್ತೆಗೆ ಹಾಕುವ ಹಾಗೆ ನಡುವೆ ಉಬ್ಬಿಸಿ, ಎರಡೂ ಬದಿಗೆ ಇಳಿಜಾರು ಕೊಟ್ಟು ತಿರುವು ದಾಟಿಸಿದ್ದರು. ಶಿವಮೊಗ್ಗಕ್ಕೆ ಹೋಗುವವರು ದರೆಯ ಬದಿಯಲ್ಲಿರುತ್ತಾರೆ, ಅವರಿಗೆ ಏನೂ ಗೊತ್ತಾಗುವುದಿಲ್ಲ. ಊರಿಗೆ ಬರುವವರನ್ನು ಮಾತ್ರ ರಸ್ತೆಯೇ ಹೊರಕ್ಕೆ ಜಾರಿಸುತ್ತದೆ.

ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಅಂಚು ಎತ್ತರವಾಗಿದೆ, ಬದಿಗೆ ಮಣ್ಣು ತುಂಬಿಲ್ಲ. ಅಣ್ಣ ಟೇಪು ಹಿಡಿದ. ಏಳು ಇಂಚು. "ಇಳಿದ ಚಕ್ರ ಇದನ್ನ ಮೆತ್ತಗೆ ಹತ್ತಲ್ಲ. ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ಗಾಡಿ ಪೂರ್ತಿ ನಿಧಾನ ಆದ್ಮೇಲೆ ಹತ್ತಿಸ್ಬೇಕು. ಆ ಹೊತ್ತಲ್ಲಿ ಯಾರಿಗೆ ನೆನಪಾಗತ್ತೆ? ನಾನೂ ಎಳೀತಿದ್ದೆ." ಐವತ್ತು ಆ ತಿರುವಿಗೆ, ಆ ಮಳೆಗೆ ಹೆಚ್ಚೇ, ನಾನು ಒಪ್ಪುತ್ತೇನೆ. ಆದರೆ ಹೆಚ್ಚು ಅಂತ ಹೇಳುವ ಒಂದು ಫಲಕ ಇಲ್ಲ, ತೋಟದ ಬದಿಗೆ ಒಂದು ತಡೆಗಲ್ಲೂ ಇಲ್ಲ.

ಗೂಡಂಗಡಿಯಲ್ಲಿ ಚಹಾ ಕುಡಿಯುವಾಗ ಯಜಮಾನರು ಗೋಡೆಯ ಕ್ಯಾಲೆಂಡರ್ ತೋರಿಸಿದರು. ಕೆಲವು ತಾರೀಖುಗಳಿಗೆ ಕೆಂಪು ಪೆನ್ನಿನ ಸುತ್ತು. "ನಿಮ್ದು ಈ ವರ್ಷ ನಾಲ್ಕನೇದು ಅಮ್ಮಾ. ಕಾರು ಮಾತ್ರ ಬರ್ದಿದೀನಿ. ಬೈಕ್ ಬರ್ಯೋದು ಬಿಟ್ಟೆ." ನಾಲ್ಕರಲ್ಲೂ ಯಾರೂ ಸತ್ತಿಲ್ಲ, ಯಾರ ಕೈಕಾಲೂ ಮುರಿದಿಲ್ಲ.

ಅದೇ ತೊಂದರೆ ಅಂತ ಗೊತ್ತಾದದ್ದು ಅರ್ಜಿ ತೆಗೆದುಕೊಂಡು ಕಚೇರಿಗೆ ಹೋದಾಗ. ಅಲ್ಲಿದ್ದವರು ಓದಿ, "ಡೆತ್ ಎಷ್ಟು?" ಅಂದರು. ಇಲ್ಲ ಅಂದೆ. "ಕೇಸ್ ಆಗಿದೆಯಾ?" ಅದೂ ಇಲ್ಲ. "ಯಾರಿಗೂ ಏನೂ ಆಗಲಿಲ್ಲವಲ್ಲ, ದೇವರು ದೊಡ್ಡವನು" ಅಂತ ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು. ಸಿಟ್ಟು ಬಂತು. ಆದರೆ ಆಮೇಲೆ ಓದಿ ನೋಡಿದರೆ, ಅವರು ಬಾಯಿಯಲ್ಲಿ ಹೇಳಿದ್ದೇ ನಿಯಮದಲ್ಲೂ ಇದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ಜಾಗವನ್ನು ಬ್ಲ್ಯಾಕ್ ಸ್ಪಾಟ್ ಅಂತ ಗುರುತಿಸಲು, ಸುಮಾರು 500 ಮೀಟರಿನೊಳಗೆ 3 ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯವಾದ 5 ಅಪಘಾತ ಆಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಹೆದ್ದಾರಿಗೇ ಹೀಗಾದರೆ ನಮ್ಮ ಒಳದಾರಿಯನ್ನು ಕೇಳುವವರು ಯಾರು? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅಂತ ಹೊಸ ಕಲಂ ಸೇರಿದೆ. ರಸ್ತೆಯ ವಿನ್ಯಾಸ, ಕಾಮಗಾರಿ, ನಿರ್ವಹಣೆ ಮಾಡಿದವರು ಸುರಕ್ಷತೆಯ ಮಾನದಂಡ ಪಾಲಿಸದಿದ್ದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಒಳ್ಳೆಯದೇ. ಆದರೆ ಅದೂ ಸಾವು ಅಥವಾ ಅಂಗವೈಕಲ್ಯ ಆದರೆ ಮಾತ್ರ. ಬೆಲ್ಟ್ ಹಾಕಿಕೊಂಡು ಬದುಕಿ ಬಂದ ನನ್ನ ಮೂರು ಮಕ್ಕಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಕಾರಿನ ಮೂತಿ ಆವತ್ತು ಎಡಕ್ಕೆ ತಿರುಗಿದ್ದರೆ ಸಿಗುತ್ತಿದ್ದರು.

ಮನೆಯವರು "ಇನ್ನು ಸಾಕು ಬಿಡು, ಯಾಕೆ ಇಲ್ಲದ ಉಸಾಬರಿ" ಅಂದರು. ಬಿಡುತ್ತಿದ್ದೆನೇನೋ. ರಾತ್ರಿ ಮಗಳು ತಾನಾಗಿಯೇ ಲ್ಯಾಪ್‌ಟಾಪ್ ತಂದು ಪಕ್ಕದಲ್ಲಿ ಕೂತಳು. ಮಾವ ನೀರು ಸುರಿದ ಕಥೆಯನ್ನು ಅವಳಿಗೆ ನಾನೇ ಎರಡು ಸಲ ಹೇಳಿದ್ದೆ. ಅರ್ಜಿಯನ್ನು ಹೊಸದಾಗಿ ಟೈಪ್ ಮಾಡಿದಳು. ತಿರುವಿನ ನಕ್ಷೆ, ಏಳು ಇಂಚಿನ ಅಂಚಿಗೆ ಟೇಪು ಹಿಡಿದ ಫೋಟೊ, ಗೂಡಂಗಡಿಯ ಕ್ಯಾಲೆಂಡರಿನ ಫೋಟೊ, ಎಲ್ಲ ಸೇರಿಸಿದಳು. "ಚಾಲಕಿಯ ವೇಗ ಗಂಟೆಗೆ 50 ಕಿ.ಮೀ." ಅಂತ ಅವಳೇ ಬರೆದಳು. ಬೇಡ ಬಿಡು ಅಂದೆ. "ಇರ್ಲಿ ಅಮ್ಮ, ಅದೂ ನಿಜ ತಾನೇ" ಅಂದಳು. ಈ ಸಲ ಅರ್ಜಿಯನ್ನು ಕಚೇರಿಗೆ ಒಯ್ದು, ಪ್ರತಿಯ ಮೇಲೆ ಮೊಹರು ಒತ್ತುವ ತನಕ ಅಲ್ಲಿಂದ ಕದಲದೆ ನಿಂತವಳೂ ಅವಳೇ.

ಇದಾಗಿ ಐದು ವಾರ. ಉತ್ತರ ಬಂದಿಲ್ಲ. ಯಜಮಾನರು ತೋಟದ ಬದಿಗೆ ಸಾಲಾಗಿ ಕಲ್ಲು ಇಟ್ಟು ಸುಣ್ಣ ಬಳಿದಿದ್ದಾರೆ. ಸುಣ್ಣದ ದುಡ್ಡು ಮಗಳು ಕೊಟ್ಟಳು. ಕೀ ಮಾತ್ರ ಇನ್ನೂ ದೇವರ ಗೂಡಿನ ಪಕ್ಕದಲ್ಲೇ ಇದೆ.

ಮೊನ್ನೆ ಸಂಜೆ ಮಳೆ. ಯಜಮಾನರ ಫೋನ್ ಬಂತು. "ಅಮ್ಮಾ, ಇನ್ನೊಂದು ಕಾರು. ನಾಲ್ಕು ಹುಡುಗ್ರು. ಯಾರಿಗೂ ಏನೂ ಆಗಿಲ್ಲ." ನಾನು ಏನು ಹೇಳಬೇಕು ಅಂತ ತೋಚದೆ ನಿಂತಿದ್ದೆ. ಮಗಳು ನನ್ನ ಕೈಯಿಂದ ಫೋನ್ ತೆಗೆದುಕೊಂಡು ಕೇಳಿದಳು: "ತಾರೀಖು ಬರ್ಕೊಂಡ್ರಾ?"