ವನಿತಾ ವಿಚಾರ: ಸಂಕೋಚಕ್ಕೆ ತೆರುವ ಬೆಲೆ

ಕೆಲವು ರೋಗಗಳ ಹೆಸರನ್ನು ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಹೇಳುವ ವಾಡಿಕೆಯಿಲ್ಲ. ಹಿಂದೆ ಕ್ಷಯದ ವಿಷಯದಲ್ಲಿ ಹೀಗಿತ್ತು; ಈಗ ಎಚ್.ಐ.ವಿ.ಯ ವಿಷಯದಲ್ಲಿ ಹಾಗಿದೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಈ ಮಾತೇಕೆ ಎಂದು ಸೋದರಿಯರು ಕೇಳಬಹುದು. ನಮ್ಮ ದೇಶದಲ್ಲಿ ಈ ಸೋಂಕು ತಗಲಿದ ಹೆಂಗಸರಲ್ಲಿ ಬಹುಮಂದಿಗೆ ಅದು ಬಂದದ್ದು ಕೈಹಿಡಿದ ಗಂಡನಿಂದಲೇ. ಆದ್ದರಿಂದ ಇದು ಸಂಸಾರಸ್ಥರು ತಿಳಿಯಬೇಕಾದ ಮಾತೇ ಹೌದು.

ಭಾರತದಲ್ಲಿ ಈ ಸೋಂಕನ್ನು ಮೊದಲು ಕಂಡುಹಿಡಿದವರೂ ಮಹಿಳೆಯರೇ: 1986ರಲ್ಲಿ ಚೆನ್ನೈಯ ಡಾ. ಸುನೀತಿ ಸಾಲೊಮನ್ ಮತ್ತು ಅವರ ಶಿಷ್ಯೆ ಸೆಲ್ಲಪ್ಪನ್ ನಿರ್ಮಲಾ. ಅದೇ ಊರಿನಲ್ಲಿ 1998ರಲ್ಲಿ ಪಿ. ಕೌಸಲ್ಯಾ ಮೊದಲಾದ ಸೋಂಕಿತ ಮಹಿಳೆಯರು ಮುಖ ಮರೆಸಿಕೊಳ್ಳದೆ ಮುಂದೆ ಬಂದು ‘ಪಾಸಿಟಿವ್ ವುಮೆನ್ ನೆಟ್‌ವರ್ಕ್’ ಎಂಬ ಸಂಘವನ್ನು ಕಟ್ಟಿದರು. ತಮ್ಮ ಮಾತನ್ನು ತಾವೇ ಆಡುವೆವೆಂದರು.

2004ರ ಏಪ್ರಿಲಿನಿಂದ ಸರಕಾರ ಉಚಿತ ಔಷಧ ಕೊಡತೊಡಗಿತು. 2017ರ ಕಾಯಿದೆ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದನ್ನೂ, ಒಪ್ಪಿಗೆಯಿಲ್ಲದೆ ಗುಟ್ಟನ್ನು ಬಯಲುಮಾಡುವುದನ್ನೂ ಅದು ನಿಷೇಧಿಸಿದೆ. ಕೂಡಿ ಬಾಳಿದ ಮನೆಯಿಂದ ಸೋಂಕಿತರನ್ನು ಹೊರಹಾಕುವಂತಿಲ್ಲವೆಂದೂ ಹೇಳಿದೆ. ಗಂಡ ತೀರಿಕೊಂಡ ಸೊಸೆಯ ಪಾಲಿಗೆ ಇದೇನು ಸಣ್ಣ ಆಸರೆಯೆ?

ತಪ್ಪದೆ ಮಾತ್ರೆ ನುಂಗುತ್ತ ಬಂದು, ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ತಗ್ಗಿದರೆ, ದಾಂಪತ್ಯದಿಂದ ಅದು ಇನ್ನೊಬ್ಬರಿಗೆ ಹರಡದು. ಚಿಕಿತ್ಸೆಯಿಲ್ಲದಿದ್ದಾಗ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ 15ರಿಂದ 45. ಸರಿಯಾದ ಚಿಕಿತ್ಸೆಯಿಂದ ಅದು 5ಕ್ಕಿಂತ ಕೆಳಗಿಳಿಯುತ್ತದೆ.

ಇಷ್ಟಾದರೂ ಒಂದು ಅಪಾಯ ಹಲವರ ಗಮನಕ್ಕೆ ಬಂದಿಲ್ಲ. ಎಚ್.ಐ.ವಿ. ಇರುವ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಆರು ಪಟ್ಟು ಹೆಚ್ಚು. ಈ ಕ್ಯಾನ್ಸರಿಗೆ ಮೂಲ ಎಚ್.ಪಿ.ವಿ. ಎಂಬ ಬೇರೊಂದು ವೈರಸ್ಸು. ಸಾಮಾನ್ಯವಾಗಿ ದೇಹವೇ ಅದನ್ನು ಹೊರದೂಡುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದು ಒಳಗೇ ಉಳಿದುಬಿಡುತ್ತದೆ. ಮೊದಮೊದಲು ನೋವಿರುವುದಿಲ್ಲ. ಆಗಲೇ ತಿಳಿದರೆ, ಕ್ಯಾನ್ಸರ್ ಆಗುವ ಮುನ್ನವೇ ಚಿಕಿತ್ಸೆ ಮಾಡಿ ತಡೆಯಬಹುದು. ಇಂಥವರು 25ನೆಯ ವಯಸ್ಸಿನಿಂದಲೇ, 3ರಿಂದ 5 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ.

ಗಂಡ, ಮಕ್ಕಳು, ಅತ್ತೆಮಾವ ಎಲ್ಲರದೂ ಆದಮೇಲೆ ತನ್ನದು ಎನ್ನುವುದು ನಮ್ಮ ಹೆಂಗಸರ ಸ್ವಭಾವ. ಅದರ ಮೇಲೆ ಸಂಕೋಚವೂ ಸೇರಿದರೆ ಪರೀಕ್ಷೆ ಮುಂದಕ್ಕೆ ಬೀಳುತ್ತಲೇ ಇರುತ್ತದೆ. ಆದ್ದರಿಂದ, ಮಾತ್ರೆ ತರಲು ಎ.ಆರ್.ಟಿ. ಕೇಂದ್ರಕ್ಕೆ ಹೋದಾಗ ಈ ಪರೀಕ್ಷೆ ಎಲ್ಲಿ ಆಗುತ್ತದೆಂದು ಬಾಯಿಬಿಟ್ಟು ಕೇಳಿರಿ. ಕೆಮ್ಮು, ಜ್ವರ ಬಿಡದಿದ್ದರೆ ಕ್ಷಯದ ಪರೀಕ್ಷೆಯನ್ನೂ ಮಾಡಿಸಿರಿ. ಸಂದೇಹವಿದ್ದವರು 1097ಕ್ಕೆ ಉಚಿತವಾಗಿ ಫೋನು ಮಾಡಿ ವಿಚಾರಿಸಬಹುದು.

ಕೊನೆಗೆ ಬಂಧುಗಳಿಗೊಂದು ಮಾತು. ಒಂದೇ ಪಂಕ್ತಿಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಮಗುವನ್ನು ಎತ್ತಿಕೊಟ್ಟರೆ ಈ ಸೋಂಕು ಹರಡದು. ಔಷಧವನ್ನು ಸರಕಾರ ಕೊಡುತ್ತದೆ; ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂರಲು ಮನೆಯವರೇ ಹೋಗಬೇಕು.