ಅಂಗೈಗೂ ಕನ್ನಡಿ ಬೇಕು



'ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?' ಎಂಬ ಗಾದೆಯನ್ನು ಮನೆಯಲ್ಲಿ ಅಜ್ಜನೋ ಅಜ್ಜಿಯೋ ಹೇಳಿದ್ದನ್ನು ನೀವು ಕೇಳಿರಬಹುದು. ಎದುರಿಗೇ ಇರುವುದನ್ನು ಕಾಣಲು ಬೇರೆ ಸಾಧನ ಬೇಡ ಎಂದು ಅದರ ಅರ್ಥ. ಆದರೆ ಕೆಲವೊಮ್ಮೆ ಅಂಗೈಗೂ ಕನ್ನಡಿ ಬೇಕಾಗುತ್ತದೆ ಎಂದು ನನಗೆ ತಿಳಿಸಿಕೊಟ್ಟವಳು ನಮ್ಮ ಸಂಘದ ಒಬ್ಬ ಹುಡುಗಿ.

ಆಕೆ ಪಶುವೈದ್ಯಕೀಯ ಓದುತ್ತಿದ್ದಾಳೆ. ರಾಜ್ಯೋತ್ಸವದ ದಿನ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತವಳು, "ಅಂಕಲ್, ನನ್ನ ಕೈ ಕಂಡು ನನಗೇ ನಾಚಿಕೆಯಾಯಿತು" ಎಂದಳು. ಸ್ಪಂಜಿನ ಮೇಲೆ ಹೊಲಿಗೆ ಅಭ್ಯಾಸ ಮಾಡುವಾಗ ಗೆಳತಿಯೊಬ್ಬಳು ಮೊಬೈಲಿನಲ್ಲಿ ವಿಡಿಯೊ ತೆಗೆದಿದ್ದಳಂತೆ. ಗಂಟು ಸರಿಯಾಗಿಯೇ ಬೀಳುತ್ತಿದೆ ಎಂದು ನಂಬಿದ್ದ ಇವಳಿಗೆ ಪರದೆಯ ಮೇಲೆ ಕಂಡದ್ದೇ ಬೇರೆ. ಮೊದಲ ಸುತ್ತು ಒಂದು ದಿಕ್ಕಿಗೆ ಹಾಕಿದರೆ ಎರಡನೆಯದು ಅದರ ವಿರುದ್ಧ ದಿಕ್ಕಿಗೆ ಬೀಳಬೇಕು. ಇವಳ ಎರಡು ಸುತ್ತೂ ಒಂದೇ ದಿಕ್ಕಿಗೆ ಬೀಳುತ್ತಿದ್ದವು. ಇಂಥ ಜಾರುವ ಗಂಟಿಗೆ ಇಂಗ್ಲಿಷಿನವರು 'ಗ್ರ್ಯಾನಿ ನಾಟ್', ಅಂದರೆ ಅಜ್ಜಿಯ ಗಂಟು ಎನ್ನುತ್ತಾರೆ. (ನಮ್ಮ ಅಜ್ಜಿಯಂದಿರು ಮಲ್ಲಿಗೆ ಕಟ್ಟುವುದನ್ನು ನೋಡಿದ್ದರೆ ಆ ಹೆಸರು ಇಡುತ್ತಿರಲಿಲ್ಲ!)

"ಒಂದು ಗಂಟಿಗೆ ಇಷ್ಟು ಚಿಂತೆಯೇ?" ಎಂದು ಕೇಳಿದೆ. ಆಕೆ ವಿವರಿಸಿದಳು. ಹೆಣ್ಣು ನಾಯಿಗೆ ಮರಿಯಾಗದಂತೆ ಮಾಡುವ ಆಪರೇಷನ್ನಿನಲ್ಲಿ ಅಂಡಾಶಯಕ್ಕೆ ಹೋಗುವ ರಕ್ತನಾಳಗಳನ್ನು ದಾರದಿಂದ ಬಿಗಿದು, ಕತ್ತರಿಸಿ, ಹೊಟ್ಟೆಯೊಳಕ್ಕೆ ಬಿಡುತ್ತಾರೆ. ಆಮೇಲೆ ಹೊಟ್ಟೆ ಹೊಲಿಯುತ್ತಾರೆ. ಒಳಗಿನ ಗಂಟು ಜಾರಿದರೆ ರಕ್ತ ಒಳಗೇ ಸುರಿಯುತ್ತದೆ, ಹೊರಗೆ ಹೊಲಿಗೆ ಮಾತ್ರ ಅಂದವಾಗಿಯೇ ಕಾಣುತ್ತದೆ. ಮೂಕಪ್ರಾಣಿ ತನಗೇನಾಗುತ್ತಿದೆ ಎಂದು ಹೇಳೀತೇ?

ವಿಡಿಯೊದಿಂದ ಪಶುವೈದ್ಯ ಶಿಕ್ಷಣಕ್ಕೆ ಆಗುವ ಉಪಕಾರ ಇಲ್ಲಿಂದಲೇ ಶುರುವಾಗುತ್ತದೆ. ಗುರುಗಳು ಆಪರೇಷನ್ ಮಾಡುವಾಗ ಮೇಜಿನ ಸುತ್ತ ಹತ್ತಾರು ಮಂದಿ ನಿಂತರೆ, ಹಿಂದಿನವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಮೇಜಿನ ಮೇಲ್ಗಡೆ ಕ್ಯಾಮೆರಾ ಇಟ್ಟರೆ ಎಲ್ಲರಿಗೂ ಗುರುಗಳ ಬೆರಳು ಕಾಣುತ್ತದೆ. ನಿಧಾನ ಮಾಡಿ, ನಿಲ್ಲಿಸಿ, ಮತ್ತೆ ಮತ್ತೆ ನೋಡಬಹುದು. ಇನ್ನು ನಮ್ಮ ಕೈಯನ್ನೇ ಚಿತ್ರಿಸಿಕೊಂಡರೆ, ಕೆಲಸದ ಗಡಿಬಿಡಿಯಲ್ಲಿ ಗಮನಕ್ಕೆ ಬಾರದ ತಪ್ಪುಗಳು ಆಮೇಲೆ ಕಣ್ಣಿಗೆ ಬೀಳುತ್ತವೆ.

ಪರೀಕ್ಷೆಯಲ್ಲೂ ಇದರಿಂದ ನ್ಯಾಯ ಹೆಚ್ಚುತ್ತದೆ. ಗ್ಲೌಸ್ ಹಾಕಿದ ಕೈಗಳನ್ನಷ್ಟೇ ಚಿತ್ರಿಸಿದರೆ ಅದು ಯಾರ ಕೈ, ಯಾವ ಊರಿನವರದು, ಯಾರ ಮಗಳದು ಎಂದು ಪರೀಕ್ಷಕರಿಗೆ ಗೊತ್ತಾಗದು. ಇಬ್ಬರು ಪರೀಕ್ಷಕರು ಬೇರೆ ಬೇರೆಯಾಗಿ ನೋಡಿ, ಒಂದೇ ಪಟ್ಟಿ ಹಿಡಿದು ಅಂಕ ಕೊಡಬಹುದು: ನೀಡಲ್ ಹೋಲ್ಡರ್ ಹಿಡಿದ ರೀತಿ ಸರಿಯೇ, ಶುಚಿತ್ವ ಕೆಟ್ಟಿತೇ, ಗಂಟು ನಿಂತಿತೇ? ಅಂಕ ಕಡಿಮೆ ಬಂದರೆ ವಿದ್ಯಾರ್ಥಿಗೆ ಕಾರಣವನ್ನು ತೋರಿಸಲೂಬಹುದು.

ಕಲಿಯುವವರಿಗಷ್ಟೇ ಇದು ಎಂದುಕೊಳ್ಳಬೇಡಿ. ಮನುಷ್ಯರ ವೈದ್ಯದ ಒಂದು ಉದಾಹರಣೆ ಕೇಳಿ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬೊಜ್ಜಿನ ಆಪರೇಷನ್ ಮಾಡುವ 20 ಮಂದಿ ಸರ್ಜನ್ನರು ತಲಾ ಒಂದು ವಿಡಿಯೊ ಕೊಟ್ಟರು. ಅದು ಯಾರದೆಂದು ತಿಳಿಯದ ಸಹೋದ್ಯೋಗಿಗಳು ಅಂಕ ಹಾಕಿದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೈಚಳಕದಲ್ಲಿ ಕೆಳಗಿನ ಕಾಲುಭಾಗದಲ್ಲಿದ್ದವರ ರೋಗಿಗಳಲ್ಲಿ ನೂರಕ್ಕೆ 14.5 ಮಂದಿಗೆ ತೊಡಕುಗಳಾಗಿದ್ದವು. ಮೇಲಿನ ಕಾಲುಭಾಗದವರಲ್ಲಿ 5.2 ಮಂದಿಗೆ ಮಾತ್ರ. ಅವರೆಲ್ಲರೂ ಪಳಗಿದ ವೈದ್ಯರೇ ಆಗಿದ್ದರು ಎಂಬುದನ್ನು ಮರೆಯಬೇಡಿ.

ಹಾಗೆಂದು ಕ್ಯಾಮೆರಾವೇ ಗುರುವಲ್ಲ. ದಾರ ಎಷ್ಟು ಬಿಗಿಯಾಗಿದೆ, ಬೆರಳಿನಡಿಯ ಮಾಂಸ ಎಷ್ಟು ಮೃದುವಾಗಿದೆ ಎಂಬುದನ್ನು ಪರದೆ ಹೇಳದು. ಕೈ ಅಡ್ಡ ಬಂದರೆ ಗಂಟೇ ಮರೆಯಾಗುತ್ತದೆ. ಬಲ್ಲವರು ಪಕ್ಕದಲ್ಲಿ ಕುಳಿತು "ಇಲ್ಲಿ ನೋಡು" ಎಂದು ತೋರಿಸದಿದ್ದರೆ, ಹೊಸಬರಿಗೆ ತಮ್ಮ ತಪ್ಪು ತಪ್ಪೆಂದೇ ತಿಳಿಯದೆ ಹೋಗಬಹುದು. ಇನ್ನೊಂದು ಮಾತು: ಸಾಕಿದವರ ಒಪ್ಪಿಗೆಯಿಲ್ಲದೆ ಅವರ ಪ್ರಾಣಿಯನ್ನು ಚಿತ್ರಿಸಬಾರದು. ಕಲಿಕೆಯ ವಿಡಿಯೊ ಊರಿಗೆಲ್ಲ ಹಂಚುವ ತಮಾಷೆಯೂ ಅಲ್ಲ.

"ಆಮೇಲೆ ಏನು ಮಾಡಿದೆಯಮ್ಮಾ?" ಎಂದೆ. "ಎರಡು ಬಣ್ಣದ ದಾರ ತಂದೆ ಅಂಕಲ್. ಯಾವ ತುದಿ ಎತ್ತ ಹೋಗುತ್ತದೆ ಎಂದು ವಿಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ. ಪ್ರತಿ ರಾತ್ರಿ ಕಟ್ಟುತ್ತೇನೆ, ನೋಡುತ್ತೇನೆ, ಬಿಚ್ಚುತ್ತೇನೆ. ಮೇಡಂ ಸರಿ ಎನ್ನುವವರೆಗೂ ನಾಯಿಯ ಮೇಲೆ ಕೈಯಿಡುವುದಿಲ್ಲ" ಎಂದಳು.

ನೃತ್ಯ ಕಲಿಯುವವರೇ, ತಬಲಾ ನುಡಿಸುವವರೇ, ನಮ್ಮ ವೇದಿಕೆಯಲ್ಲಿ ಕನ್ನಡ ಮಾತಾಡಲು ಅಂಜುವವರೇ, ನಿಮಗೂ ಈ ಕನ್ನಡಿ ಕೈಯಲ್ಲೇ ಇದೆ. ಮೊದಲ ಸಲ ನೋಡಿದಾಗ ನಾಚಿಕೆಯಾದರೆ ಹೆದರಬೇಡಿ. ಆ ಹುಡುಗಿಗೆ ಅಂದು ನಾಚಿಕೆಯಾದದ್ದರಿಂದಲೇ ನಾಳೆ ಯಾವುದೋ ಒಂದು ನಾಯಿ ಬಾಲ ಅಲ್ಲಾಡಿಸುತ್ತಾ ಮನೆಗೆ ಹೋಗುತ್ತದೆ.