ಬೆಟ್ಟದ ಅಳತೆಗೆ ಬಂಡಿಯೋ, ಬಂಡಿಯ ಅಳತೆಗೆ ಬೆಟ್ಟವೋ?

ಮೋಟಾರ್‌ಹೋಮ್ ಏರಿ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತಿ ಬರುವುದು ಅಮೆರಿಕದ ಮಧ್ಯಮ ವರ್ಗದ ಬಹುಕಾಲದ ಕನಸು. ಮಲಗುವ ಕೋಣೆ, ಅಡುಗೆಮನೆ, ಶೌಚಾಲಯ, ಸ್ನಾನದ ಮನೆ, ಹವಾನಿಯಂತ್ರಣ ಎಲ್ಲವನ್ನೂ ಹೊತ್ತು ಸಾಗುವ ಈ ಗಾಲಿಯ ಮನೆಗಳಲ್ಲಿ ದೊಡ್ಡ ದರ್ಜೆಯವು 26 ಅಡಿಯಿಂದ 45 ಅಡಿಯವರೆಗೆ ಉದ್ದವಿರುತ್ತವೆ. ಅಗಲ ಎಂಟೂವರೆ ಅಡಿ. ಅನೇಕರು ಸಾಲದೆಂದು ಹಿಂಬದಿಗೆ ಒಂದು ಕಾರನ್ನೂ ಕಟ್ಟಿಕೊಂಡು ಎಳೆದೊಯ್ಯುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳೂ ಬೇಸಿಗೆ ರಜೆಯಲ್ಲಿ ಇಂತಹ ಬಂಡಿಗಳನ್ನು ಬಾಡಿಗೆಗೆ ಹಿಡಿಯುವುದುಂಟು. ಮಕ್ಕಳನ್ನು ನೋಡಲೆಂದು ಊರಿನಿಂದ ಹೋದ ತಂದೆತಾಯಿಗಳೂ ಅದರಲ್ಲಿ ಕುಳಿತು ಯೆಲ್ಲೋಸ್ಟೋನ್ ಕಂಡು ಬರುವುದುಂಟು.

ದೂರದ ದೇಶದ ಈ ವಿಹಾರದ ಮಾತು ಮಲೆನಾಡಿನ ಹಳ್ಳಿಗರಿಗೇಕೆ ಎಂದು ಕೇಳಬಹುದು. ಕೇರಳ ಸರ್ಕಾರ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ಅಲ್ಲಿನ ಮೊದಲ ಕಾರವಾನ್ ತಂಗುದಾಣ ಎದ್ದದ್ದು ವಾಗಮಣ್ ಬೆಟ್ಟಸಾಲಿನಲ್ಲಿ. ಕರ್ನಾಟಕದ 2020–26ರ ಪ್ರವಾಸೋದ್ಯಮ ನೀತಿಯೂ ಕಾರವಾನ್‌ಗೆ ಸ್ಥಾನ ನೀಡಿತು. ಪಶ್ಚಿಮದಲ್ಲಿ ನೂರು ವರ್ಷಗಳಿಂದ ನಡೆದ ಪ್ರಯೋಗವೊಂದು ಪಶ್ಚಿಮಘಟ್ಟದ ಬಾಗಿಲಿಗೆ ಬಂದು ನಿಂತಿದೆ. ಬಾಗಿಲು ತೆರೆಯುವ ಮುನ್ನ ಆ ಪ್ರಯೋಗದ ಫಲವೇನೆಂದು ಕೇಳುವುದು ವಿವೇಕ.

ಅಳತೆಪಟ್ಟಿ ಹಿಡಿದ ಯಾತ್ರೆ

ದೊಡ್ಡ ಮೋಟಾರ್‌ಹೋಮ್ ಉಳ್ಳವನು ಉದ್ಯಾನದ ಪ್ರವಾಸಕ್ಕೆ ಸಿದ್ಧತೆ ನಡೆಸುವ ಬಗೆಯನ್ನು ಗಮನಿಸಬೇಕು. ಯಾವ ಹೂವು ಯಾವ ತಿಂಗಳಲ್ಲಿ ಅರಳುತ್ತದೆ, ಯಾವ ಪ್ರಾಣಿ ಎಲ್ಲಿ ನೀರಿಗಿಳಿಯುತ್ತದೆ ಎಂಬುದು ಅವನ ಮೊದಲ ಚಿಂತೆಯಲ್ಲ. ‘ನನ್ನ ಬಂಡಿ ಅಲ್ಲಿ ಹಿಡಿಯುತ್ತದೆಯೇ?’ ಎಂಬುದೇ ಮೊದಲ ಪ್ರಶ್ನೆ. ಈ ಪ್ರಶ್ನೆಗೆ ಬೆಟ್ಟಗಳು ಕೊಡುವ ಉತ್ತರ ಬಹುಪಾಲು ‘ಇಲ್ಲ’ ಎಂದೇ.

ಮೊಂಟಾನಾ ರಾಜ್ಯದ ಗ್ಲೇಸಿಯರ್ ಉದ್ಯಾನದಲ್ಲಿ ‘ಸೂರ್ಯನೆಡೆಗೆ ಹೋಗುವ ದಾರಿ’ ಎಂಬ ಹೆಸರಿನ ಪರ್ವತ ರಸ್ತೆಯಿದೆ. 1933ರಲ್ಲಿ ಉದ್ಘಾಟನೆಯಾದ ಸುಮಾರು 80 ಕಿಲೋಮೀಟರ್ ಉದ್ದದ ಈ ರಸ್ತೆಯನ್ನು ಬಂಡೆಗೆ ಅಂಟಿಕೊಂಡಂತೆ ಕಡಿಯಲಾಗಿದೆ. ಅದರ ಎತ್ತರದ ಭಾಗದಲ್ಲಿ 21 ಅಡಿಗಿಂತ ಉದ್ದದ, ಪಕ್ಕದ ಕನ್ನಡಿಗಳೂ ಸೇರಿ 8 ಅಡಿಗಿಂತ ಅಗಲದ ವಾಹನಕ್ಕೆ ಪ್ರವೇಶವಿಲ್ಲ. ದೊಡ್ಡ ಮೋಟಾರ್‌ಹೋಮ್‌ನ ಮೈ ಅಗಲವೇ ಈ ಮಿತಿಯನ್ನು ಮೀರುತ್ತದೆ. ಕ್ಯಾಲಿಫೋರ್ನಿಯಾದ ಸೆಕೋಯಾ ಉದ್ಯಾನದಲ್ಲಿ ತಪ್ಪಲಿನಿಂದ ದೈತ್ಯವೃಕ್ಷಗಳ ಕಾಡಿಗೆ ಏರುವ ತಿರುವು ರಸ್ತೆಯಲ್ಲಿ 22 ಅಡಿಗಿಂತ ಉದ್ದದ ವಾಹನ ತರಬೇಡಿರೆಂದು ಆಡಳಿತವೇ ಎಚ್ಚರಿಸುತ್ತದೆ.

ಯೂಟಾ ರಾಜ್ಯದ ಜಯಾನ್ ಉದ್ಯಾನದ ಸುರಂಗದ ಕಥೆ ಇನ್ನೂ ಬೋಧಪ್ರದ. 1930ರಲ್ಲಿ ತೆರೆದ, ಒಂದು ಮೈಲಿಗೂ ತುಸು ಹೆಚ್ಚು ಉದ್ದದ ಈ ಸುರಂಗವನ್ನು ಅಂದಿನ ಪುಟ್ಟ ಕಾರುಗಳಿಗಾಗಿ ಕೊರೆಯಲಾಗಿತ್ತು. ಬಂಡಿಗಳು ಬೆಳೆದವು, ಸುರಂಗ ಬೆಳೆಯಲಿಲ್ಲ. ತಿರುವಿನಲ್ಲಿ ದೊಡ್ಡ ವಾಹನ ತನ್ನ ಪಥದಲ್ಲಿ ಉಳಿಯಲಾರದು. ಹೀಗಾಗಿ ದಶಕಗಳ ಕಾಲ ಶುಲ್ಕ ಪಡೆದು, ಎದುರಿನ ಸಂಚಾರವನ್ನೆಲ್ಲ ತಡೆದು, ಒಂದೊಂದು ದೈತ್ಯ ಬಂಡಿಗೂ ನಡುದಾರಿಯನ್ನು ಬಿಟ್ಟುಕೊಡಲಾಯಿತು. ಒಬ್ಬನ ವಿಲಾಸಕ್ಕಾಗಿ ನೂರು ಜನ ಕಾದು ನಿಂತರು. ಕೊನೆಗೆ 2025ರಲ್ಲಿ ಉದ್ಯಾನದ ಆಡಳಿತವು, 2026ರ ಮಧ್ಯದಿಂದ ಮಿತಿ ಮೀರಿದ ವಾಹನಗಳು ಬೇರೆ ದಾರಿ ಹಿಡಿಯಬೇಕೆಂದು ಪ್ರಕಟಿಸಿತು.

ಜಗತ್ತಿನ ಅತ್ಯಂತ ಸಿರಿವಂತ ದೇಶ, ಬೇಕಿದ್ದರೆ ಬೆಟ್ಟವನ್ನೇ ಬಗೆಯುವ ಯಂತ್ರಬಲವುಳ್ಳ ದೇಶ, ತನ್ನ ಉದ್ಯಾನಗಳ ಬಾಗಿಲಲ್ಲಿ ಅಡಿ ಅಂಗುಲಗಳ ಫಲಕ ನೆಟ್ಟಿದೆ. ಬೆಟ್ಟಕ್ಕೂ ಒಂದು ಅಳತೆಯುಂಟೆಂಬುದನ್ನು ಅದು ತಡವಾಗಿಯಾದರೂ ಒಪ್ಪಿಕೊಂಡಿದೆ.

ಬಾಗಿಲು ತೆರೆದವರೂ ಅವರೇ

ಈ ಅರಿವು ಸುಲಭವಾಗಿ ಬಂದುದಲ್ಲ. 1872ರಲ್ಲಿ ಯೆಲ್ಲೋಸ್ಟೋನ್ ಮೊದಲ ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿಗೆ ಕುದುರೆಗಾಡಿಯೇ ಗತಿ. 1913ರಲ್ಲಿ ಯೊಸೆಮಿಟಿಗೆ, 1915ರಲ್ಲಿ ಯೆಲ್ಲೋಸ್ಟೋನಿಗೆ ಕಾರುಗಳನ್ನು ಬಿಡಲಾಯಿತು. 1916ರಲ್ಲಿ ರಾಷ್ಟ್ರೀಯ ಉದ್ಯಾನ ಸೇವೆ ಸ್ಥಾಪನೆಯಾದಾಗ ಅದರ ಮೊದಲ ನಿರ್ದೇಶಕ ಸ್ಟೀಫನ್ ಮೇಥರ್ ಕಾರುಗಳನ್ನು ಕೈಬೀಸಿ ಕರೆದರು. ಜನ ಬಂದರೆ ಮಾತ್ರ ಉದ್ಯಾನಗಳಿಗೆ ಹಣವೂ ರಾಜಕೀಯ ಬೆಂಬಲವೂ ದೊರೆಯುತ್ತವೆ ಎಂಬುದು ಅವರ ತರ್ಕವಾಗಿತ್ತು. 1956ರಿಂದ 1966ರವರೆಗೆ ‘ಮಿಷನ್ 66’ ಎಂಬ ಯೋಜನೆಯಡಿ ರಸ್ತೆ, ವಾಹನ ನಿಲ್ದಾಣ, ಸಂದರ್ಶಕರ ಕೇಂದ್ರಗಳಿಗೆ ಸುಮಾರು ನೂರು ಕೋಟಿ ಡಾಲರ್ ಸುರಿಯಲಾಯಿತು. ಉದ್ಯಾನ ರಕ್ಷಕನಾಗಿ ದುಡಿದಿದ್ದ ಲೇಖಕ ಎಡ್ವರ್ಡ್ ಅಬಿ 1968ರಲ್ಲಿ ‘ಡೆಸರ್ಟ್ ಸಾಲಿಟೇರ್’ ಎಂಬ ಕೃತಿಯಲ್ಲಿ, ಉದ್ಯಾನಗಳೊಳಗೆ ಖಾಸಗಿ ಕಾರುಗಳೇ ಬೇಡವೆಂದು ವಾದಿಸಿದಾಗ ಅದು ಹುಚ್ಚು ಮಾತಿನಂತೆ ಕಂಡಿರಬೇಕು. 2024ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ವ್ಯವಸ್ಥೆಗೆ ನಡೆದ ಭೇಟಿಗಳ ಸಂಖ್ಯೆ 33 ಕೋಟಿಯನ್ನು ದಾಟಿತು. ಇಂದು ಆ ಮಾತು ಹುಚ್ಚೆನಿಸುವುದಿಲ್ಲ.

ಏಕೆಂದರೆ ಆ ದೇಶವೇ ಹೆಜ್ಜೆ ಹಿಂದಿಟ್ಟಿದೆ. ಅಲಾಸ್ಕಾದ ಡೆನಾಲಿಯಲ್ಲಿ 92 ಮೈಲಿಗಳ ಉದ್ಯಾನ ರಸ್ತೆಯಿದ್ದರೂ 1972ರಿಂದ ಖಾಸಗಿ ವಾಹನಗಳಿಗೆ ಸಾಮಾನ್ಯವಾಗಿ ಮೊದಲ 15 ಮೈಲಿಗಳು ಮಾತ್ರ. ಮುಂದಕ್ಕೆ ಬಸ್ಸೇ ಆಗಬೇಕು. ಜಯಾನ್ ಕಣಿವೆಯಲ್ಲಿ 2000ದಲ್ಲಿ ಬಸ್ ವ್ಯವಸ್ಥೆ ಆರಂಭವಾಯಿತು. ಬಸ್ ಓಡುವ ಕಾಲದಲ್ಲಿ ಕಣಿವೆಯ ಒಳರಸ್ತೆಗೆ ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲ. ಸೆಕೋಯಾದ ಜಯಂಟ್ ಫಾರೆಸ್ಟ್‌ನಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಮರಗಳಿವೆ. ಅವುಗಳ ಬೇರು ಆಳಕ್ಕಿಳಿಯದೆ ಮೇಲ್ಪದರದಲ್ಲೇ ಹರಡುತ್ತದೆ. ಆ ಬೇರುಗಳ ಮೇಲೆ ವಸತಿಗೃಹ, ಅಂಗಡಿ, ವಾಹನ ನಿಲ್ದಾಣ, ಚರಂಡಿಗಳನ್ನು ಕಟ್ಟಲಾಗಿತ್ತು. 1990ರ ದಶಕದ ಕೊನೆಯಲ್ಲಿ ಅಂತಹ 282 ಕಟ್ಟಡಗಳನ್ನು ಕೆಡವಿ ನೆಲವನ್ನು ಕಾಡಿಗೆ ಮರಳಿಸಲಾಯಿತು. ಕಟ್ಟುವುದಕ್ಕೂ ಖರ್ಚು, ಕೆಡವುವುದಕ್ಕೂ ಖರ್ಚು. ಕೆಡವಬೇಕಾಗಿ ಬಂದುದನ್ನೇ ಮಲೆನಾಡು ಹೊಸದಾಗಿ ಕಟ್ಟಲು ಹೊರಡಬೇಕೇ?

ಯಾರ ಲೆಕ್ಕಕ್ಕೂ ಬಾರದ ಖರ್ಚು

ದೊಡ್ಡ ಮೋಟಾರ್‌ಹೋಮ್ ಒಂದು ಲೀಟರ್ ಇಂಧನಕ್ಕೆ ಎರಡೂವರೆಯಿಂದ ನಾಲ್ಕು ಕಿಲೋಮೀಟರ್ ಓಡುತ್ತದೆ. ಮೂರು ನಾಲ್ಕು ಉದ್ಯಾನಗಳನ್ನು ಸುತ್ತುವ ಮೂರು ಸಾವಿರ ಕಿಲೋಮೀಟರುಗಳ ಪ್ರವಾಸಕ್ಕೆ ಹತ್ತಿರ ಹತ್ತಿರ ಸಾವಿರ ಲೀಟರ್ ಬೇಕು. ಸಾವಿರ ಲೀಟರ್ ಪೆಟ್ರೋಲ್ ಉರಿದರೆ ಎರಡು ಟನ್ನಿಗೂ ಮಿಗಿಲಾದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹೀಗೆ ಹೊಗೆಯುಗುಳುತ್ತ ಹೋಗುವುದು ಎಲ್ಲಿಗೆ? ಗ್ಲೇಸಿಯರ್ ಉದ್ಯಾನದ ಹಿಮನದಿಗಳನ್ನು ನೋಡುವುದಕ್ಕೆ. 1966ರಲ್ಲಿ ಅಲ್ಲಿದ್ದ ಹೆಸರುಳ್ಳ 35 ಹಿಮನದಿಗಳಲ್ಲಿ 2015ರ ಹೊತ್ತಿಗೆ ಹಿಮನದಿ ಎನಿಸಿಕೊಳ್ಳುವಷ್ಟು ದೊಡ್ಡದಾಗಿ ಉಳಿದವು 26. ಕರಗುತ್ತಿರುವುದನ್ನು ಕಣ್ತುಂಬಿಕೊಳ್ಳುವ ಅವಸರವೇ ಕರಗುವಿಕೆಗೆ ತನ್ನ ಪಾಲನ್ನು ಸೇರಿಸುತ್ತಿದೆ.

ನಿಂತ ಮೇಲೂ ಈ ಬಂಡಿಯ ಹಸಿವು ತೀರುವುದಿಲ್ಲ. ಅದಕ್ಕೆ ವಿದ್ಯುತ್ ಬೇಕು, ಇಲ್ಲವಾದರೆ ಜನರೇಟರ್ ಗುಡುಗಬೇಕು. ಆ ಸದ್ದಿಗೆ ಬೇಸತ್ತೇ ಉದ್ಯಾನಗಳು ಜನರೇಟರ್ ಓಡಿಸುವುದಕ್ಕೆ ವೇಳೆ ಗೊತ್ತುಮಾಡಿವೆ. ನೂರಾರು ಲೀಟರ್ ನೀರು ತುಂಬಿಸಬೇಕು. ಸ್ನಾನದ ಕೊಳೆನೀರಿಗೆ ಒಂದು ತೊಟ್ಟಿ, ಶೌಚಕ್ಕೆ ಇನ್ನೊಂದು. ಅವೆರಡನ್ನೂ ಬರಿದು ಮಾಡಲು ಪ್ರತ್ಯೇಕ ತಾಣ ಬೇಕು. ‘ಕಟ್ಟಡವಿಲ್ಲದ ಪ್ರವಾಸೋದ್ಯಮ’ ಎಂಬ ಬಣ್ಣನೆಯ ಹಿಂದಿನ ವಾಸ್ತವವಿದು. ಹೋಟೆಲಿನ ಗೋಡೆ ಇಲ್ಲದಿದ್ದರೂ ಕಾಂಕ್ರೀಟು ಹಾಸು, ಕೊಳವೆ, ತಂತಿ, ಅಗಲ ರಸ್ತೆ ಎಲ್ಲವೂ ನೆಲದ ಮೇಲೆ ಬಿದ್ದೇ ಬೀಳುತ್ತವೆ.

ಪ್ರತಿವಾದಗಳ ತೂಕ

ಕಾರವಾನ್ ಪರ ವಾದಿಸುವವರ ಮಾತುಗಳನ್ನೂ ಆಲಿಸಬೇಕು. ವೃದ್ಧರು, ಅಂಗವಿಕಲರು ಕಾಡು ನೋಡಬೇಡವೇ ಎಂಬುದು ಮೊದಲ ವಾದ. ನೋಡಲೇಬೇಕು. ಆದರೆ ಜಯಾನ್‌ನ ಬಸ್ಸುಗಳು ಗಾಲಿಕುರ್ಚಿಯನ್ನೂ ಹತ್ತಿಸಿಕೊಳ್ಳುತ್ತವೆ. ಸ್ವಂತಕ್ಕೋ ಬಾಡಿಗೆಗೋ ದುಬಾರಿ ಬಂಡಿ ತರಲಾರದ ಬಡ ವೃದ್ಧನಿಗೂ ಆ ಬಸ್ಸಿನಲ್ಲಿ ಸ್ಥಳವುಂಟು. ಎಲ್ಲರಿಗೂ ಕಾಡು ಕಾಣಿಸಬೇಕೆಂಬ ಕಾಳಜಿ ನಿಜವಾದರೆ ಅದರ ಹೆಸರು ಸಾರ್ವಜನಿಕ ಸಾರಿಗೆ.

ಮನೆಯ ಬಾಡಿಗೆ ತೆರಲಾಗದೆ ಮೋಟಾರ್‌ಹೋಮ್‌ನಲ್ಲೇ ಬದುಕುವವರು ಅಮೆರಿಕದಲ್ಲಿದ್ದಾರೆ ಎಂಬುದೂ ನಿಜ. ಅವರ ಮೇಲೆ ಯಾರ ಕೋಪವೂ ಇರಬೇಕಾಗಿಲ್ಲ. ಇಲ್ಲಿನ ಪ್ರಶ್ನೆ ವಾಸದ್ದಲ್ಲ, ವಿಹಾರದ್ದು.

ಸ್ಥಳೀಯರಿಗೆ ಆದಾಯ ಬರುತ್ತದೆ ಎಂಬುದು ಮೂರನೆಯ, ಎಲ್ಲಕ್ಕಿಂತ ಆಕರ್ಷಕವಾದ ವಾದ. ಆದರೆ ಅಡುಗೆಮನೆ, ಹಾಸಿಗೆ, ದಿನಸಿ ಎಲ್ಲವನ್ನೂ ಹೊತ್ತು ಬರುವವನು ಹಳ್ಳಿಯಲ್ಲಿ ಕೊಳ್ಳುವುದೇನನ್ನು? ಊಟದ ಮನೆಯೂ ಬೇಡ, ತಂಗುವ ಕೋಣೆಯೂ ಬೇಡ. ಅವನು ಹಳ್ಳಿಯಿಂದ ಪಡೆಯುವುದು ನೀರನ್ನು, ಬಿಟ್ಟುಹೋಗುವುದು ಕೊಳೆಯನ್ನು. ಅಬ್ಬಿ ನೀರನ್ನು ನಂಬಿದ ಊರಿಗೆ, ಬೇಸಿಗೆಯಲ್ಲಿ ಹಳ್ಳ ಬತ್ತುವ ಊರಿಗೆ, ಇದು ಯಾವ ಬಗೆಯ ಲಾಭ?

ಕಾಡಿನವರು ಹೊರಗೆ, ಬಂಡಿಯವರು ಒಳಗೆ

ಉದ್ಯಾನದ ಹೆಸರಿನಲ್ಲಿ ನಡೆದ ದೊಡ್ಡ ಅನ್ಯಾಯ ಇನ್ನೊಂದಿದೆ. ಯೊಸೆಮಿಟಿ ಕಣಿವೆಯಲ್ಲಿ ಬಾಳುತ್ತಿದ್ದ ಅಹ್ವಾನೀಚೀ ಜನರನ್ನು 1851ರಲ್ಲಿ ಶಸ್ತ್ರಬಲದಿಂದ ಹೊರದೂಡಲಾಯಿತು. ಮರಳಿ ಬಂದು ನೆಲೆಸಿದವರ ಕೊನೆಯ ಹಳ್ಳಿಯನ್ನೂ 1969ರಲ್ಲಿ ಉದ್ಯಾನದ ಆಡಳಿತ ನೆಲಸಮ ಮಾಡಿತು. ಅದೇ ಕಣಿವೆಯಲ್ಲಿ ಗಾಲಿಯ ಮನೆಗಳಿಗೆ ಮಾತ್ರ ಅಳತೆ ಮಾಡಿದ ಜಾಗಗಳು ಮೀಸಲಾಗಿವೆ. ನಿಜವಾದ ಮನೆಗೆ ನೆಲವಿಲ್ಲ. ಗಾಲಿಯ ಮನೆಗೆ ನೆಲವುಂಟು.

ನಾಗರಹೊಳೆಯ ಜೇನುಕುರುಬರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1990ರ ದಶಕದಲ್ಲಿ ಆ ಕಾಡಿನೊಳಗೆ ಹೆಸರಾಂತ ಹೋಟೆಲ್ ಸಮೂಹವೊಂದು ವಿಲಾಸಿ ವಸತಿಗೃಹ ಕಟ್ಟಲು ಹೊರಟಾಗ ಎದ್ದು ನಿಂತವರು ಅಲ್ಲಿನ ಆದಿವಾಸಿಗಳು. 1997ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ತೀರ್ಪು ಆ ಯೋಜನೆಯನ್ನು ತಡೆಯಿತು. ಆದರೆ 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ತಮ್ಮ ಪೂರ್ವಜರ ನೆಲಕ್ಕೆ ಮರಳಿ ಗುಡಿಸಲು ಹಾಕಲು ಮುಂದಾದಾಗ ಎದುರಾದದ್ದು ಅರಣ್ಯ ಸಿಬ್ಬಂದಿಯೇ. ಸಫಾರಿಯ ಜೀಪಿಗೆ ತೆರೆಯುವ ಗೇಟು ಈ ನೆಲದ ಮಕ್ಕಳಿಗೆ ಏಕೆ ತೆರೆಯುವುದಿಲ್ಲ?

ಮಲೆನಾಡಿನ ಮುಂದಿರುವ ದಾರಿ

ಅಳತೆ ಹಾಕುವ ವಿವೇಕ ಈ ನಾಡಿಗೆ ಅಪರಿಚಿತವೇನಲ್ಲ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಹೆದ್ದಾರಿ ಸಂಚಾರಕ್ಕೆ ನಿರ್ಬಂಧವಿದೆ. ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ ತಿಂಗಳಿನಿಂದ ಊಟಿ ಮತ್ತು ಕೊಡೈಕನಾಲ್‌ಗೆ ಹೋಗುವ ವಾಹನಗಳಿಗೆ ಇ–ಪಾಸ್ ಬಂತು. ಮುಳ್ಳಯ್ಯನಗಿರಿ ಭಾಗದಲ್ಲಿ 2025ರ ಸೆಪ್ಟೆಂಬರಿನಿಂದ ವಾಹನಗಳ ಸಂಖ್ಯೆಗೆ ಮಿತಿಯನ್ನೂ ಮುಂಗಡ ನೋಂದಣಿಯನ್ನೂ ಜಾರಿಗೆ ತರಲಾಯಿತು. ಇಷ್ಟು ಕಂಡ ಮೇಲೂ ದೊಡ್ಡ ಬಂಡಿಗಾಗಿ ಘಾಟಿಯ ರಸ್ತೆಗಳನ್ನು ಅಗಲಿಸಬೇಕೆನ್ನುವವರು 2024ರ ಜುಲೈ 16ನ್ನು ನೆನೆಯಬೇಕು. ಅಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜರಿದು, ಚಹಾದಂಗಡಿಯನ್ನೂ ಲಾರಿಯನ್ನೂ ಜನರನ್ನೂ ಗಂಗಾವಳಿ ನದಿಗೆ ತಳ್ಳಿತು.

ಆದ್ದರಿಂದ ಗ್ರಾಮಸಭೆಗಳು ಈಗಲೇ ಸ್ಪಷ್ಟ ನಿರ್ಣಯಗಳನ್ನು ಅಂಗೀಕರಿಸಬೇಕು. ಪ್ರತಿ ಘಾಟಿ ರಸ್ತೆಗೂ ವಾಹನದ ಉದ್ದ, ಅಗಲ, ತೂಕದ ಮಿತಿ ಗೊತ್ತಾಗಬೇಕು. ಆ ಮಿತಿಯನ್ನು ರಸ್ತೆಯ ಇಂದಿನ ಸ್ಥಿತಿ ನಿರ್ಧರಿಸಬೇಕೇ ಹೊರತು ಬರಲಿರುವ ಬಂಡಿಯ ಗಾತ್ರವಲ್ಲ. ಗೋಮಾಳ, ಕಾನು, ಸೊಪ್ಪಿನಬೆಟ್ಟಗಳಲ್ಲಿ ಕಾರವಾನ್ ತಂಗುದಾಣಕ್ಕೆ ಅವಕಾಶ ಇರಕೂಡದು. ಬೇರೆಡೆಯಾದರೂ ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಕೂಡದು. ನೀರು ಎಲ್ಲಿಂದ, ಕೊಳೆ ಎಲ್ಲಿಗೆ ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರವಿಲ್ಲದ ಯಾವ ಅರ್ಜಿಯನ್ನೂ ಪಂಚಾಯಿತಿ ಪರಿಗಣಿಸಬಾರದು. ಪ್ರವಾಸಿಗರಿಗೆ ತಪ್ಪಲಿನಲ್ಲೇ ವಾಹನ ನಿಲ್ಲಿಸಿ, ಮೇಲಕ್ಕೆ ಸಣ್ಣ ಸರ್ಕಾರಿ ಬಸ್ಸುಗಳನ್ನು ಓಡಿಸಬೇಕು; ಅದರಿಂದ ಚಾಲಕ, ನಿರ್ವಾಹಕ, ಮಾರ್ಗದರ್ಶಿಗಳಾಗಿ ಊರ ಯುವಕ ಯುವತಿಯರಿಗೆ ಕೆಲಸ ದೊರೆಯುತ್ತದೆ, ಅದೇ ಬಸ್ಸಿನಲ್ಲಿ ಶಾಲೆಯ ಮಕ್ಕಳೂ ಹೋಗಿಬರಬಹುದು.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಪ್ರತಿ ಭಾನುವಾರ ತಂತಮ್ಮ ಊರಿನ ಘಾಟಿ ರಸ್ತೆಯಲ್ಲಿ ಹಾದುಹೋಗುವ ವಾಹನಗಳೆಷ್ಟು, ಎಂತಹವು, ಎಷ್ಟು ಹೊತ್ತು ಸಂಚಾರ ಕಟ್ಟಿತು, ಆಂಬುಲೆನ್ಸ್ ಎಷ್ಟು ಕಾಲ ಕಾಯಿತು, ರಸ್ತೆಗೆ ಸಿಕ್ಕು ಸತ್ತ ಪ್ರಾಣಿಗಳಾವುವು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಬೇಕು. ಒಂದು ವರ್ಷದ ಅಂತಹ ದಾಖಲೆ ಗ್ರಾಮಸಭೆಯ ಮುಂದೆ ಬಂದರೆ, ಅದನ್ನು ಬದಿಗೆ ಸರಿಸುವುದು ಯಾವ ಅಧಿಕಾರಿಗೂ ಸುಲಭವಾಗದು.

ಅಮೆರಿಕ ನೂರು ವರ್ಷ ರಸ್ತೆ ಕಡಿದು, ಕಟ್ಟಡ ಕಟ್ಟಿ, ಕೆಡವಿ, ಕೊನೆಗೆ ಬಸ್ಸಿನ ಬಳಿಗೆ ಬಂತು. ಮಲೆನಾಡಿಗೆ ನೂರು ವರ್ಷಗಳ ಬಿಡುವಿಲ್ಲ. ಒಮ್ಮೆ ಜರಿದ ಗುಡ್ಡವನ್ನು ಮತ್ತೆ ನಿಲ್ಲಿಸುವ ವಿದ್ಯೆ ಯಾವ ದೇಶಕ್ಕೂ ಗೊತ್ತಿಲ್ಲ. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಲಿ. ನಿರ್ಣಯದ ಪ್ರತಿ ತಾಲ್ಲೂಕು ಕಚೇರಿಗೂ ಅರಣ್ಯ ಇಲಾಖೆಗೂ ತಲುಪಲಿ.